ಕೇಳುವುದೆಂದರೆ ಬೇಡುವುದಲ್ಲ

ಮಧ್ಯಮ ವರ್ಗದ ಮನೆಗಳಲ್ಲಿ ದಿನಕ್ಕೆ ಹತ್ತು ಬಾರಿಯಾದರೂ ಕೇಳಿಬರುವ ಮಾತೊಂದಿದೆ: ‘ಹೋಗ್ಲಿ ಬಿಡು.’ ಅಂಗಡಿಯವನು ಎರಡು ರೂಪಾಯಿ ಚಿಲ್ಲರೆ ಕೊಡದಿದ್ದರೂ ಹೋಗ್ಲಿ ಬಿಡು, ದರ್ಜಿ ಹೊಸ ಅಂಗಿಯ ತೋಳನ್ನು ಗಿಡ್ಡ ಮಾಡಿದರೂ ಹೋಗ್ಲಿ ಬಿಡು. ಈ ಮಾತಿಗೆ ಎರಡು ಮುಖಗಳುಂಟು. ಒಂದು ಔದಾರ್ಯದ್ದು. ಎದುರಿಗಿರುವವನೂ ಮನುಷ್ಯನೇ, ತಪ್ಪಾಗುವುದು ಸಹಜ ಎಂದು ಮನಸ್ಸು ದೊಡ್ಡದು ಮಾಡಿಕೊಳ್ಳುವುದು. ಇನ್ನೊಂದು ಅಂಜಿಕೆಯದು. ಕೇಳಿದರೆ ಏನೆಂದುಕೊಂಡಾರೋ, ದೊಡ್ಡವರ ಸಹವಾಸ ಏಕೋ ಎಂದು ಹಿಂದೆ ಸರಿಯುವುದು. ಕಷ್ಟವೆಂದರೆ, ಎರಡನ್ನೂ ಒಂದೇ ಮಾತಿನಲ್ಲಿ ಹೇಳುವುದರಿಂದ ಮಕ್ಕಳಿಗೆ ಯಾವುದು ಔದಾರ್ಯ, ಯಾವುದು ಅಂಜಿಕೆ ಎಂದು ತಿಳಿಯುವುದೇ ಇಲ್ಲ.

ಶಿರಸಿಯ ಕಡೆಯ ಪ್ರಾಥಮಿಕ ಶಾಲೆಯ ಮಾಸ್ತರರೊಬ್ಬರ ಮನೆಯಲ್ಲಿ 1996ರ ಜೂನ್‌ನಲ್ಲಿ ಈ ಪ್ರಶ್ನೆ ಒಂದು ಕಬ್ಬಿಣದ ಟ್ರಂಕಿನ ರೂಪದಲ್ಲಿ ಎದುರಾಯಿತು. ಮಗಳು ಧಾರವಾಡದಲ್ಲಿ ಬಿ.ಎಸ್ಸಿ. ಎರಡನೆಯ ವರ್ಷಕ್ಕೆ ಬಂದಿದ್ದಳು. ಬೇಸಿಗೆ ರಜೆ ಮುಗಿಸಿ ಹೊರಟಾಗ ಹಾಸಿಗೆ ಸುರುಳಿ, ಎರಡು ಚೀಲಗಳ ಜೊತೆಗೆ ಟ್ರಂಕನ್ನೂ ಬಸ್ಸಿಗೆ ಏರಿಸುವುದು ಕಷ್ಟವೆಂದು, ಮಾಸ್ತರರು ಅದನ್ನು ಲಾರಿ ಸಾಗಣೆಯ ಕಂಪನಿಯೊಂದರ ಪಾರ್ಸೆಲ್ ಕಚೇರಿಯಲ್ಲಿ 35 ರೂಪಾಯಿ ಕೊಟ್ಟು ಬುಕ್ ಮಾಡಿದರು. ಟ್ರಂಕಿನೊಳಗೆ ಮೂರು ಪಠ್ಯಪುಸ್ತಕ, ಎರಡು ಪ್ರಾಯೋಗಿಕ ರೆಕಾರ್ಡ್ ಪುಸ್ತಕ, ಹಿರಿಯ ವಿದ್ಯಾರ್ಥಿನಿಯೊಬ್ಬಳಿಂದ ಕಡ ತಂದ ಟಿಪ್ಪಣಿಗಳು, ಅಜ್ಜಿ ಹೊಲಿದ ಕೌದಿ ಮತ್ತು ಒಂದು ಜಾಡಿ ಮಿಡಿ ಉಪ್ಪಿನಕಾಯಿ ಇದ್ದವು.

ಬಸ್ಸಿನಲ್ಲಿ ಒಂದು ಹಗಲಿನೊಳಗೆ ಮುಗಿಯುವ ದಾರಿಗೆ ಟ್ರಂಕು ಹನ್ನೆರಡು ದಿನ ತೆಗೆದುಕೊಂಡಿತು. ಹುಡುಗಿ ಐದು ಸಲ ಪಾರ್ಸೆಲ್ ಕಚೇರಿಗೆ ಅಲೆದಳು. ಕೊನೆಗೆ ಬಂದಾಗ ಅದರ ಮುಚ್ಚಳ ನೆಗ್ಗಿತ್ತು, ಕೊಂಡಿ ಕಿತ್ತಿತ್ತು. ತಾಡಪತ್ರಿ ಹರಿದ ಲಾರಿಯಲ್ಲಿ ಮಲೆನಾಡಿನ ಮಳೆಯನ್ನೆಲ್ಲ ಕುಡಿದು, ಒಳಗಿನ ಪುಸ್ತಕಗಳು ನೆನೆದ ಅವಲಕ್ಕಿಯಂತೆ ಉಬ್ಬಿದ್ದವು. ಕಡ ತಂದ ಟಿಪ್ಪಣಿಗಳ ಶಾಯಿ ಹರಡಿ ನೀಲಿ ಮೋಡವಾಗಿತ್ತು. ಆಶ್ಚರ್ಯವೆಂದರೆ ಉಪ್ಪಿನಕಾಯಿ ಜಾಡಿಗೆ ಮಾತ್ರ ಏನೂ ಆಗಿರಲಿಲ್ಲ!

ಆ ದಿನ ಹುಡುಗಿ ಮಾಡಿದ ಮೊದಲ ಕೆಲಸ ಸಣ್ಣದು. ಆದರೆ ಮುಂದಿನದೆಲ್ಲ ಅದರ ಮೇಲೆಯೇ ನಿಂತಿತು. ಸಾಮಾನು ಮುಟ್ಟಿತೆಂದು ಸಹಿ ಹಾಕುವ ಪುಸ್ತಕದಲ್ಲಿ, ಸಹಿಗೆ ಮೊದಲು, ‘ಒದ್ದೆಯಾಗಿ ಬಂದಿದೆ, ಮುಚ್ಚಳ ನೆಗ್ಗಿದೆ, ಕೊಂಡಿ ಮುರಿದಿದೆ’ ಎಂದು ಬರೆದಳು. ಗುಮಾಸ್ತ ಆಕ್ಷೇಪಿಸಿದ. ಆಕೆ, ‘ಇದ್ದದ್ದನ್ನೇ ಬರೆದಿದ್ದೇನಲ್ಲ’ ಎಂದಳು. ಆತ ರಸೀದಿಯ ಹಿಂಬದಿಯ ಇರುವೆ ಸಾಲಿನಂಥ ಅಕ್ಷರಗಳನ್ನು ತೋರಿಸಿದ. ಸರಕಿನ ಹೊಣೆ ಮಾಲೀಕರದ್ದೇ ಎಂದು ಅಲ್ಲಿ ಅಚ್ಚಾಗಿತ್ತು. ಆಮೇಲೆ ಕರುಣೆ ಬಂದವನಂತೆ ಐವತ್ತು ರೂಪಾಯಿ ಮುಂದಿಟ್ಟು, ‘ಪೂರ್ಣ ತೃಪ್ತಿಯಾಗಿದೆ, ಇನ್ನೇನೂ ಬಾಕಿಯಿಲ್ಲ’ ಎಂದು ಬರೆದುಕೊಡಲು ಹೇಳಿದ. ತೃಪ್ತಿಯಾಗಿರಲಿಲ್ಲವಾದ್ದರಿಂದ ಆಕೆ ಬರೆಯಲಿಲ್ಲ, ಹಣವನ್ನೂ ಮುಟ್ಟಲಿಲ್ಲ.

ವಿಷಯ ತಿಳಿದ ಮಾಸ್ತರರ ಪತ್ರ ಮೂರನೆಯ ದಿನ ಬಂತು. ‘ಹೋಗಲಿ ಬಿಡು. ಪುಸ್ತಕಕ್ಕೆ ಹಣ ಕಳಿಸುತ್ತೇನೆ. ಐನೂರು ರೂಪಾಯಿಗಾಗಿ ಇನ್ನೊಬ್ಬರ ಮುಂದೆ ಕೈ ಚಾಚುವುದು ಬೇಡ’ ಎಂದು ಅದರಲ್ಲಿತ್ತು. ಮಾಸ್ತರರು ಜಿಪುಣರಲ್ಲ, ಪುಕ್ಕಲರೂ ಅಲ್ಲ. ಸಂಬಳದಲ್ಲಿ ಇಷ್ಟಿಷ್ಟೇ ಉಳಿಸಿ ಮಗಳನ್ನು ಓದಿಸುತ್ತಿದ್ದವರು. ಯಾರಿಂದಲೂ ಏನನ್ನೂ ಕೇಳದೆ ಬದುಕಿದ್ದೇ ಅವರ ಹೆಮ್ಮೆ. ಆ ಹೆಮ್ಮೆಗೆ ಪರಿಹಾರ ಕೇಳುವುದೂ ಭಿಕ್ಷೆ ಬೇಡುವುದೂ ಒಂದೇ ಆಗಿ ಕಂಡಿತ್ತು.

ಮಗಳು ತಂದೆಯ ಮಾತನ್ನು ಮೀರಲಿಲ್ಲ, ಉತ್ತರ ಬರೆದಳು. ‘ಅಪ್ಪ, ಬೇಡುವವನಿಗೆ ಕೊಡುವುದೂ ಬಿಡುವುದೂ ಕೊಡುವವನ ಇಷ್ಟ. ಇವರು 35 ರೂಪಾಯಿ ಪಡೆದು ಒಂದು ಕೆಲಸ ಒಪ್ಪಿಕೊಂಡಿದ್ದಾರೆ. ಆ ಕೆಲಸ ಕೆಟ್ಟಿತು ಎಂದು ಹೇಳುವುದು ಬೇಡುವುದು ಹೇಗಾಗುತ್ತದೆ? ಶಾಲೆಯಲ್ಲಿ ಹುಡುಗ ಲೆಕ್ಕ ತಪ್ಪು ಮಾಡಿದರೆ ನೀವು ತಿದ್ದುವುದಿಲ್ಲವೇ?’ ಮಾಸ್ತರರು ಎರಡು ದಿನ ಸುಮ್ಮನಿದ್ದು, ಬುಕ್ಕಿಂಗಿನ ಮೂಲ ರಸೀದಿಯನ್ನು ಲಕೋಟೆಯಲ್ಲಿಟ್ಟು ಕಳುಹಿಸಿದರು. ಜೊತೆಗೆ ಒಂದೇ ಸಾಲು: ‘ಸುಳ್ಳು ಮಾತ್ರ ಸೇರಿಸಬೇಡ.’

ಹುಡುಗಿಯ ಬೆನ್ನಿಗೆ ಆಗ ಇದ್ದುದು 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಆ ವರ್ಷದ ಡಿಸೆಂಬರ್ 24ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಈ ಕಾಯ್ದೆಯ ನೆನಪಿಗಾಗಿಯೇ ಡಿಸೆಂಬರ್ 24ನ್ನು ದೇಶದಲ್ಲಿ ರಾಷ್ಟ್ರೀಯ ಗ್ರಾಹಕರ ದಿನವೆಂದು ಆಚರಿಸುತ್ತಾರೆ. ಸಿವಿಲ್ ನ್ಯಾಯಾಲಯದ ಖರ್ಚು, ವಿಳಂಬಗಳಿಗೆ ಹೆದರಿ ಹಿಂಜರಿಯುವ ಸಾಮಾನ್ಯರಿಗಾಗಿ ಅದು ಜಿಲ್ಲೆ, ರಾಜ್ಯ, ರಾಷ್ಟ್ರ ಮಟ್ಟದ ಮೂರು ಮೆಟ್ಟಿಲುಗಳನ್ನು ಕಟ್ಟಿತು. ಜಿಲ್ಲಾ ವೇದಿಕೆಯಲ್ಲಿ ಮೂವರು, ಅವರಲ್ಲಿ ಒಬ್ಬರು ಮಹಿಳೆ. 1996ರಲ್ಲಿ ದೂರಿಗೆ ಶುಲ್ಕವಿರಲಿಲ್ಲ. ವಕೀಲರು ಕಡ್ಡಾಯವಲ್ಲ, ತನ್ನ ಮಾತನ್ನು ತಾನೇ ಹೇಳಬಹುದಿತ್ತು. ಹಣ ಕೊಟ್ಟವರು ಮಾತ್ರವಲ್ಲ, ಅವರ ಒಪ್ಪಿಗೆಯಿಂದ ಸೇವೆಯ ಫಲ ಪಡೆಯುವವರೂ ಗ್ರಾಹಕರೇ. ಆದ್ದರಿಂದ ಬುಕ್ ಮಾಡಿದವರು ತಂದೆಯಾದರೂ ಮಗಳು ದೂರು ಕೊಡಬಹುದಾಗಿತ್ತು.

ರಸೀದಿಯ ಹಿಂಬದಿಯ ಇರುವೆ ಸಾಲಿಗೂ ಉತ್ತರವಿತ್ತು. ಬಾಡಿಗೆಗೆ ಸರಕು ಸಾಗಿಸುವವರ ಹೊಣೆಯ ಬಗ್ಗೆ ಬ್ರಿಟಿಷರ ಕಾಲದ 1865ರ ಕಾಯ್ದೆಯೊಂದು ಆಗ ಜಾರಿಯಲ್ಲಿತ್ತು. ಸರಕು ಕೆಟ್ಟರೆ ಸಾಗಣೆದಾರನ ನಿರ್ಲಕ್ಷ್ಯವನ್ನು ಸರಕಿನವನು ರುಜುವಾತು ಮಾಡಬೇಕಾಗಿಲ್ಲ ಎಂದು ಅದು ಹೇಳುತ್ತಿತ್ತು. ಆದರೆ ನಷ್ಟ ತಿಳಿದ ಆರು ತಿಂಗಳೊಳಗೆ ಲಿಖಿತ ನೋಟಿಸು ಕೊಡಬೇಕೆಂಬ ಷರತ್ತೂ ಅದರಲ್ಲಿತ್ತು. ‘ಮಾಲೀಕರ ಹೊಣೆ’ ಎಂದು ಅಚ್ಚು ಹಾಕಿದ ಮಾತ್ರಕ್ಕೆ ಸಾಗಣೆದಾರ ತನ್ನ ನಿರ್ಲಕ್ಷ್ಯದಿಂದ ನುಣುಚಿಕೊಳ್ಳಲಾರ ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ಸ್ಪಷ್ಟಪಡಿಸಿತು.

ಇನ್ನು ಪಟ್ಟಿ. ಎಲ್ಲಕ್ಕಿಂತ ಕಷ್ಟದ ಭಾಗ ಇದೇ. ಹಾಸ್ಟೆಲಿನ ಕೋಣೆಯಲ್ಲಿ ಸಲಹೆಗಾರರಿಗೆ ಕೊರತೆಯಿರಲಿಲ್ಲ. ‘ಹೇಗೂ ಕಂಪನಿಯ ದುಡ್ಡು, ಐದು ಸಾವಿರ ಕೇಳು’ ಎಂದಳು ಒಬ್ಬಳು. ‘ಜಾಡಿಯೂ ಒಡೆಯಿತು ಎಂದು ಬರೆ, ನೋಡಿದವರಾರು?’ ಎಂದಳು ಇನ್ನೊಬ್ಬಳು. ಆ ಜಾಡಿಯ ಉಪ್ಪಿನಕಾಯಿಯನ್ನೇ ಬೆರಳಲ್ಲಿ ನೆಕ್ಕುತ್ತ ಹೇಳಿದ ಮಾತು ಅದು. ಹುಡುಗಿ ಬರೆದದ್ದು ಹೀಗೆ: ಪಠ್ಯಪುಸ್ತಕ ಮೂರಕ್ಕೆ 285 ರೂಪಾಯಿ, ರೆಕಾರ್ಡ್ ಪುಸ್ತಕ ಎರಡಕ್ಕೆ 60, ಟಿಪ್ಪಣಿಗಳನ್ನು ಬೇರೆಡೆಯಿಂದ ಪ್ರತಿ ಮಾಡಿಸಿ ಗೆಳತಿಗೆ ಹಿಂದಿರುಗಿಸಿದ್ದಕ್ಕೆ 105, ಟ್ರಂಕಿನ ದುರಸ್ತಿಗೆ 45, ಐದು ಸಲ ಅಲೆದ ಬಸ್ ಚಾರ್ಜು 20, ಸಾಗಣೆ ಬಾಡಿಗೆ 35. ಒಟ್ಟು 550 ರೂಪಾಯಿ. ಹನ್ನೆರಡು ದಿನದ ತೊಂದರೆಗೆ ಬೇರೆಯಾಗಿ 500. ಕೌದಿಯ ಬಗ್ಗೆ, ‘ನೆನೆದಿತ್ತು, ಒಣಗಿದೆ, ಹಣ ಕೇಳಿಲ್ಲ’ ಎಂದಷ್ಟೇ. ಜಾಡಿಯ ಹೆಸರೇ ಇರಲಿಲ್ಲ.

ಈ ಪಟ್ಟಿಯನ್ನು ಪೆದ್ದುತನವೆಂದು ನಕ್ಕವರಿದ್ದರು. ಆದರೆ ಪರಿಹಾರ ಕೇಳುವವನ ಬಲ ಕೇಳಿದ ಮೊತ್ತದಲ್ಲಿಲ್ಲ, ಪ್ರತಿಯೊಂದು ಸಾಲಿಗೂ ಹಿಂದೆ ನಿಲ್ಲುವ ಚೀಟಿಯಲ್ಲಿದೆ. ಒಂದು ಸಾಲು ಸುಳ್ಳಾದರೆ ಉಳಿದ ಆರು ಸಾಲುಗಳೂ ಅನುಮಾನಕ್ಕೆ ಬೀಳುತ್ತವೆ. ಅದಕ್ಕಿಂತ ಮುಖ್ಯವಾದದ್ದು, ಸುಳ್ಳು ಸೇರಿದ ಗಳಿಗೆಯಲ್ಲಿ ಕೇಳುವವನೂ ಹರಿದ ತಾಡಪತ್ರಿಯ ಕಂಪನಿಯೂ ಒಂದೇ ತಕ್ಕಡಿಯಲ್ಲಿ ಕೂರುತ್ತಾರೆ.

ಮೊದಲ ಪತ್ರ ಸ್ಥಳೀಯ ಕಚೇರಿಗೆ, ರಿಜಿಸ್ಟರ್ಡ್ ಅಂಚೆಯಲ್ಲಿ, ಸ್ವೀಕೃತಿ ಚೀಟಿಯೊಡನೆ ಹೋಯಿತು. ಬೈಗುಳವಿಲ್ಲದ ಒಂದೇ ಪುಟ: ಏನು ನಡೆಯಿತು, ಎಷ್ಟು ನಷ್ಟ, ಏನು ಬೇಕು, ಎಷ್ಟು ದಿನದಲ್ಲಿ. ಉತ್ತರ ಬರಲಿಲ್ಲ. ಪ್ರಧಾನ ಕಚೇರಿಗೆ ಬರೆದ ಎರಡನೆಯ ಪತ್ರಕ್ಕೆ ‘ವಿಷಾದಿಸುತ್ತೇವೆ, ಹೊಣೆ ನಮ್ಮದಲ್ಲ’ ಎಂಬ ಮೂರು ಸಾಲು ಬಂತು. ಆಮೇಲೆ ಬಿಳಿ ಹಾಳೆಯಲ್ಲಿ ದೂರು, ಜೊತೆಗೆ ರಸೀದಿ, ಚೀಟಿಗಳು, ಪತ್ರಗಳ ನಕಲುಗಳು ಧಾರವಾಡದ ಜಿಲ್ಲಾ ವೇದಿಕೆಗೆ ಹೋದವು. ಮೊದಲ ದಿನ ಕಂಪನಿಯವರು ಬರಲಿಲ್ಲ. ಎರಡನೆಯ ದಿನ ವಾಯಿದೆ ಕೇಳಿದರು. ಮೂರನೆಯ ದಿನ, ಸಹಿ ಪುಸ್ತಕದಲ್ಲಿ ಆಕೆ ಬರೆದ ಸಾಲು ವೇದಿಕೆಯ ಮುಂದೆ ಬಂದ ಮೇಲೆ ಕಂಪನಿಯ ಪರ ವಾದಕ್ಕೆ ಹೆಚ್ಚೇನೂ ಉಳಿಯಲಿಲ್ಲ. ನಷ್ಟದ 550, ತೊಂದರೆಗೆ 250, ಖರ್ಚಿಗೆ 100, ಒಟ್ಟು 900 ರೂಪಾಯಿ ಕೊಡಬೇಕೆಂದು ಆದೇಶವಾಯಿತು. ಕೇಳಿದ್ದೆಲ್ಲ ಸಿಗಲಿಲ್ಲ. ಏಳು ತಿಂಗಳು ಹಿಡಿಯಿತು. ಅಷ್ಟರಲ್ಲಿ ಹೊಸ ಪುಸ್ತಕಗಳೂ ಹಳೆಯವಾಗಿದ್ದವು. ಆದರೆ ಮಾಸ್ತರರು ಆದೇಶದ ನಕಲನ್ನು ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳಿದರಂತೆ. ಮೊತ್ತವನ್ನು ಮೆಲ್ಲಗೆ, ಮಗಳ ಹೆಸರನ್ನು ಗಟ್ಟಿಯಾಗಿ.

ಎಲ್ಲ ಕಥೆಗಳೂ ಏಳು ತಿಂಗಳಲ್ಲಿ ಮುಗಿಯುವುದಿಲ್ಲ ಎಂಬುದನ್ನೂ ಹೇಳಬೇಕು. ಉತ್ತರ ಪ್ರದೇಶದ ಮಥುರಾದ ವಕೀಲರೊಬ್ಬರಿಂದ 1999ರಲ್ಲಿ ರೈಲ್ವೆ ಟಿಕೆಟ್ ಕೌಂಟರಿನಲ್ಲಿ 20 ರೂಪಾಯಿ ಹೆಚ್ಚಿಗೆ ಪಡೆಯಲಾಯಿತು. ಅವರ ಪರವಾಗಿ ತೀರ್ಪು ಬಂದದ್ದು 2022ರಲ್ಲಿ. 20 ರೂಪಾಯಿಯನ್ನು ಬಡ್ಡಿ ಸಹಿತ ಕೊಡುವುದಲ್ಲದೆ 15,000 ರೂಪಾಯಿಯನ್ನೂ ತೆರಬೇಕೆಂದು ಆದೇಶವಾಯಿತು. ನೂರಕ್ಕೂ ಹೆಚ್ಚು ಬಾರಿ ವಿಚಾರಣೆ ನಡೆದಿತ್ತು. ಅಷ್ಟು ತಾಳ್ಮೆ ಎಲ್ಲರಿಗೂ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಸಹಿ ಮಾಡಿದ ಷರತ್ತುಗಳು ಎಲ್ಲ ಸಂದರ್ಭದಲ್ಲೂ ಬಿದ್ದುಹೋಗುತ್ತವೆ ಎಂದೂ ತಿಳಿಯಬಾರದು. ಕೊರಿಯರ್ ಕಂಪನಿಯೊಂದರ ಹೊಣೆಗೆ ಮಿತಿ ಹಾಕಿದ್ದ ಷರತ್ತಿಗೆ ಗ್ರಾಹಕರು ಸಹಿ ಮಾಡಿದ್ದರಿಂದ, ಆ ಮಿತಿಗೆ ಅವರು ಬದ್ಧರು ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿತ್ತು. ಆದ್ದರಿಂದ ಸಹಿಗೆ ಮುಂಚೆ ಓದುವುದು ದೂರು ಬರೆಯುವುದಕ್ಕಿಂತ ದೊಡ್ಡ ವಿದ್ಯೆ.

ಈಗ ದಾರಿ ಇನ್ನಷ್ಟು ಹತ್ತಿರವಾಗಿದೆ. 1986ರ ಕಾಯ್ದೆಯ ಜಾಗಕ್ಕೆ 2019ರ ಹೊಸ ಕಾಯ್ದೆ ಬಂದು 2020ರ ಜುಲೈ 20ರಿಂದ ಜಾರಿಯಾಗಿದೆ. ಜಿಲ್ಲಾ ವೇದಿಕೆ ಈಗ ಜಿಲ್ಲಾ ಆಯೋಗವಾಗಿದೆ. ಮೊದಲು ಎದುರುದಾರನ ಕಚೇರಿ ಇರುವ ಅಥವಾ ಘಟನೆ ನಡೆದ ಊರಿನ ವೇದಿಕೆಗೇ ಹೋಗಬೇಕಿತ್ತು. ಈಗ ದೂರುದಾರ ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಸರಕಿಗೆ ಅಥವಾ ಸೇವೆಗೆ ಕೊಟ್ಟ ಹಣ ಐದು ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ಅಂತರ್ಜಾಲದ ಮೂಲಕವೂ ದೂರು ಸಲ್ಲಿಸಬಹುದು. ಕಾರಣ ಹುಟ್ಟಿದ ಎರಡು ವರ್ಷದೊಳಗೆ ಎಂಬ ಗಡುವು ಮಾತ್ರ ಹಾಗೆಯೇ ಉಳಿದಿದೆ. ದೂರಿಗೆ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿದರೆ ಕೆಲವು ತಕರಾರುಗಳು ಅಲ್ಲಿಯೇ ಬಗೆಹರಿಯುತ್ತವೆ. ಲಾರಿ ಸಾಗಣೆಗೆ 2007ರ ಹೊಸ ಕಾಯ್ದೆಯಿದೆ. ಅದರಂತೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ನೋಟಿಸು ಕೊಡಬೇಕು. ಸಾಗಣೆದಾರನ ಹೊಣೆಗೆ ಮಿತಿಯೂ ಇರುವುದರಿಂದ ಬೆಲೆಬಾಳುವ ವಸ್ತುವಾದರೆ ಬುಕ್ ಮಾಡುವಾಗಲೇ ಬೆಲೆ ಘೋಷಿಸುವುದು ಕ್ಷೇಮ.

ಹಾಗಾದರೆ ಯಾವುದನ್ನು ಬಿಡಬೇಕು, ಯಾವುದನ್ನು ಕೇಳಬೇಕು? ದರ್ಜಿಯ ಗಿಡ್ಡ ತೋಳನ್ನು ನಕ್ಕು ಬಿಡಬಹುದು. ಆತ ಎದುರಿಗಿದ್ದಾನೆ, ಪೆಚ್ಚಾಗಿದ್ದಾನೆ, ಮುಂದಿನ ಸಲ ಎಚ್ಚರವಹಿಸುತ್ತಾನೆ. ಸಂಸ್ಥೆಗೆ ಮುಖವಿಲ್ಲ, ಪೆಚ್ಚಾಗುವುದೂ ಅದಕ್ಕೆ ಗೊತ್ತಿಲ್ಲ. ಕಾಗದ ಬಂದರೆ ಮಾತ್ರ ತನ್ನ ತಾಡಪತ್ರಿ ಹರಿದಿರುವುದು ಅದಕ್ಕೆ ತಿಳಿಯುತ್ತದೆ. ಕಿಟಕಿಯ ಹಿಂದೆ ಕೂತ ಗುಮಾಸ್ತನ ಮೇಲೆ ರೇಗುವುದರಿಂದ ಏನೂ ಆಗದು. ಅವನೂ ಯಾರದೋ ಮನೆಯ ತಂದೆ, ಹರಿದ ತಾಡಪತ್ರಿ ಅವನು ಕೊಂಡದ್ದಲ್ಲ.

ಕನ್ನಡದಲ್ಲಿ ‘ಕೇಳು’ ಎಂಬ ಕ್ರಿಯಾಪದಕ್ಕೆ ಎರಡರ್ಥ: ಕಿವಿಗೊಡುವುದು ಮತ್ತು ಪ್ರಶ್ನಿಸುವುದು. ಮಕ್ಕಳಿಗೆ ಮೊದಲನೆಯದನ್ನು ಕಲಿಸಲು ತಂದೆತಾಯಿಗಳು ಪಡುವ ಶ್ರಮ ಅಷ್ಟಿಷ್ಟಲ್ಲ. ‘ಹೇಳಿದ ಮಾತು ಕೇಳು’ ಎಂಬುದನ್ನು ಕೇಳದೆ ಬೆಳೆದ ಮಗುವೇ ಇರಲಾರದು. ಎರಡನೆಯದನ್ನು ಕಲಿಸಲು ಬೇಕಾದ ಸಾಮಗ್ರಿ ಕಡಿಮೆ: ಒಂದು ರಸೀದಿ, ಒಂದು ಬಿಳಿ ಹಾಳೆ, ಸುಳ್ಳಿಲ್ಲದ ಒಂದು ಪಟ್ಟಿ. ಮುಂದಿನ ಸಲ ಮನೆಯಲ್ಲಿ ಅಂಥ ಪ್ರಸಂಗ ಬಂದಾಗ ಪತ್ರವನ್ನು ಹಿರಿಯರು ಬರೆಯುವ ಬದಲು ಮಕ್ಕಳ ಕೈಯಲ್ಲಿ ಬರೆಸಿ, ಆಮೇಲೆ ತಿದ್ದಿದರೆ ಸಾಕು.