ಕೆರೆಗೆ ಎಸೆದ ಕಲ್ಲು

ಜನವರಿಯ ಒಂದು ಭಾನುವಾರ ಫಜರ್ ಮುಗಿಸಿ, ಮಗನನ್ನು ಕರೆದುಕೊಂಡು ಕೊಪ್ಪಳದಿಂದ ಮಾಗಡಿ ಕೆರೆಗೆ ಹೊರಟೆವು. ಗದಗ ಜಿಲ್ಲೆಯ ಶಿರಹಟ್ಟಿ ಬಳಿಯ ಈ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ಸುಮಾರು 50 ಹೆಕ್ಟೇರ್. ಮಳೆನೀರು ನಿಲ್ಲಿಸಲು ಹಿಂದಿನವರು ಕಟ್ಟಿದ್ದು. ಮಂಗೋಲಿಯ, ಟಿಬೆಟ್ ಕಡೆಯ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಚಳಿಗಾಲಕ್ಕೆ ಇಲ್ಲಿಗೆ ಬರುತ್ತವೆ. ರಾತ್ರಿ ಹೊಲಗಳಲ್ಲಿ ಮೇಯ್ದು, ಬೆಳಿಗ್ಗೆ ಕೆರೆಗೆ ಮರಳಿ ಹಗಲು ವಿಶ್ರಮಿಸುತ್ತವೆ.

ನಾವು ತಲುಪುವಾಗ ತಡವಾಗಿತ್ತು. ಹಿಂಡೆಲ್ಲ ನೀರಿಗಿಳಿದು ಕತ್ತು ಹುದುಗಿಸಿಕೊಂಡಿತ್ತು. 'ಅಬ್ಬಾ, ಹಾರೋ ಫೋಟೊ ಒಂದೂ ಸಿಗಲಿಲ್ಲ' ಎಂದು ಮಗ ಮುಖ ಸಣ್ಣ ಮಾಡಿದ. ಅವನೇನೂ ಕೇಳಿರಲಿಲ್ಲ, ನಾವೇ ಒಂದು ಕಲ್ಲೆತ್ತಿ ನೀರಿಗೆ ಬೀಸಿದೆವು. ಇಡೀ ಕೆರೆಯೇ ಮೇಲೆದ್ದಂತಾಯಿತು. ಮಗನ ಕ್ಯಾಮೆರಾ ಒಂದೇ ಸಮನೆ ಸದ್ದು ಮಾಡಿತು.

ಏರಿಯ ಮೇಲೆ ಬರುತ್ತಿದ್ದ ಮುದುಕರೊಬ್ಬರು ನಿಂತರು. 'ಯಾಕ್ರೀ ಸಾಹೇಬ್ರ, ಮನಿಗೆ ಬಂದ ಬೀಗರಿಗೂ ಹಿಂಗ ಕಲ್ಲ ಒಗೀತೀರೇನು? ರಾತ್ರಿ ನನ್ನ ಕಡ್ಲಿ ಹೊಲಾ ಮೇಯ್ದಾವ. ನಾ ಒಂದ್ ಹೆಂಟಿನೂ ಒಗದಿಲ್ಲ.'

ಕಥೆಗಾರರಿಗೆ ಮಾತಿಗೆ ಬರವಿಲ್ಲ ಎನ್ನುವವರು ಆಗ ನಮ್ಮನ್ನು ನೋಡಬೇಕಿತ್ತು. ಇಲ್ಲಿ ಮೇಯ್ದು ಮೈಗೂಡಿಸಿಕೊಂಡ ಕೊಬ್ಬೇ ಆ ಹಕ್ಕಿಗೆ ಮರಳಿ ಹಿಮಾಲಯ ಏರಲು ಬುತ್ತಿ. ಬೆದರಿಸಿ ಎಬ್ಬಿಸಿದಷ್ಟೂ ಆ ಬುತ್ತಿ ಕರಗುತ್ತದೆ. ಇದನ್ನೆಲ್ಲ ಓದಿಕೊಂಡೇ ಹೋಗಿದ್ದೆವು.

ಹಿಂಡು ಎರಡು ಸುತ್ತು ಹಾಕಿ ಆಚೆ ದಂಡೆಗೆ ಇಳಿಯಿತು. ಮಗ ಕ್ಯಾಮೆರಾವನ್ನು ಚೀಲಕ್ಕೆ ಹಾಕಿದ. ಗದಗ ಬರುವವರೆಗೂ ಮಾತಾಡಲಿಲ್ಲ. ಆಮೇಲೆ ಅಂದ, 'ಮುಂದಿನ ಸಲ ಫಜರ್‌ಗೆ ಮೊದಲೇ ಹೊರಡೋಣ ಅಬ್ಬಾ. ನಮಾಝ್ ಗದಗಿನಲ್ಲಿ ಮಾಡಿದರಾಯಿತು. ಅವು ಹೊಲದಿಂದ ಬರೋ ಹೊತ್ತಿಗೆ ನಾವು ಅಲ್ಲಿರ್ತೀವಿ.'