ಕಾಲರ್ ಹಾಕ್ಕೊಂಡು ಮೆಕ್ಕೆಜೋಳ ನೋಡಿದ್ದು

ಮೂರು ತಿಂಗಳು ಬಿಳಿಚೋಡು ಬಸ್ ಸ್ಟ್ಯಾಂಡಿಗೆ ಬಂದಾಗೆಲ್ಲ ಒಂದೇ ಮಾತು: "ಏನಣ್ಣ, ತುಡುಗು ದನಕ್ಕೆ ಕೊರಡು ಕಟ್ಟಿದಂಗೆ ಕಟ್ಟಿಸ್ಕೊಂಡೀಯಲ್ಲ?" ಒಬ್ಬೊಬ್ರಿಗೆ ಹೇಳಿ ಸಾಕಾಗಿ ಇಲ್ಲೇ ಬರೀತಿದೀನಿ.

ಏಪ್ರಿಲ್‌ನಾಗೆ ಹುಣಸೆ ಬಡಿಯುವಾಗ ಕೊಂಬೆ ಮುರಿದು ಬಿದ್ದೆ. ಕುತ್ತಿಗೆಯಾಗೆ ಏಳು ಮಣಿ ಇರ್ತಾವೆ, ಆರನೇದು ಬಿರುಕು ಬಿಟ್ಟಿತ್ತು. ಜಾರಿರಲಿಲ್ಲ. ಆಪರೇಷನ್ ಬೇಡ, 12 ವಾರ ಗಟ್ಟಿ ಕಾಲರ್ ಅಂದ್ರು ದಾವಣಗೆರೆ ಡಾಕ್ಟ್ರು. ನನ್ನ ಕೈಕಾಲು ಉಳಿಸಿದ್ದು ಮಾತ್ರ ನಮ್ಮಣ್ಣನ ಮಗ. ನಾಲ್ಕು ಜನ ಎತ್ತಿ ಗಾಡಿಗೆ ಹಾಕೋಕೆ ಬಂದ್ರು, ಅವನು ಬಿಡಲಿಲ್ಲ. ತಲೆ ಅಲ್ಲಾಡದಂಗೆ ಎರಡೂ ಕೈಯಾಗೆ ಹಿಡ್ಕೊಂಡು 108 ಬರೋ ತನಕ ಬಿಸಿಲಾಗೇ ಕೂತಿದ್ದ. ನರದ ಹುರಿ ಆ ಮಣಿಗಳ ಒಳಗೇ ಹಾದು ಹೋಗೋದು, ಮುರಿದ ಮೂಳೆ ಸರಿದು ಅದನ್ನ ಒತ್ತಿದ್ರೆ ಮುಗೀತು.

ನಂದು ಫಿಲಡೆಲ್ಫಿಯಾ ಕಾಲರ್ ಅಂತ. ಮುಂದೊಂದು ಹಿಂದೊಂದು ಎರಡು ತುಂಡು, ಪಕ್ಕದಾಗೆ ಅಂಟೋ ಪಟ್ಟಿ, ಗಂಟಲ ಹತ್ರ ಒಂದು ತೂತು. ಮೆಡಿಕಲ್ ಶಾಪಿನ ಮೆತ್ತನೆ ಸ್ಪಂಜಿನ ಪಟ್ಟಿ ಬೇರೆ, ಅದು ಅಷ್ಟಾಗಿ ತಡೆಯಲ್ಲ. ಕಾಲರ್ ಮೂಳೆ ಕೂಡಿಸಲ್ಲ, ಕೂಡೋ ತನಕ ಅಲ್ಲಾಡದಂಗೆ ಹಿಡಿಯುತ್ತೆ ಅಷ್ಟೆ. ಮಾವಿನ ಕಸಿ ಕಟ್ಟಿದವರಿಗೆ ಇದು ಗೊತ್ತು: ಹಸಿರು ಕಾಣ್ತು ಅಂತ ಪಟ್ಟಿ ಬೇಗ ಬಿಚ್ಚಿದ್ರೆ ಕಸಿ ಹೋಯ್ತು.

ಕಷ್ಟ ಬಂದಿದ್ದೇ ನೋವು ಹೋದ ಮೇಲೆ. ಮೂರನೇ ವಾರಕ್ಕೆ ನೋವಿಲ್ಲ, ಬೆವರಿಗೆ ಗದ್ದದ ಕೆಳಗೆ ಉರಿ. ಬಂದೋರೆಲ್ಲ "ಬಿಚ್ಚಾಕಪ್ಪ" ಅನ್ನೋರೇ. ಒಬ್ರು ನಾಟಿ ವೈದ್ಯರ ಹತ್ರ ಎಳೆಸ್ಕೊಂಡು ಬಾ ಅಂದ್ರು. ಕಟಿಂಗ್ ಶಾಪಿನಾಗೆ ಲಟಕ್ ಅನ್ಸಿದಂಗೆ ಅಂತ ತಿಳ್ಕೊಂಡಿದ್ರೋ ಏನೋ! ನಮ್ಮನೆಯಾಕಿ ಅವ್ರಿಗೆ ಕಾಫಿ ಕೊಟ್ಟು ಕಳಿಸಿದ್ಲು. ದಿನಾ ನನ್ನ ಅಂಗಾತ ಮಲಗಿಸಿ, ಮಗ ತಲೆ ಹಿಡಿದ್ರೆ ಇವಳು ಒಂದೊಂದೇ ತುಂಡು ತೆಗೆದು ಒದ್ದೆ ಬಟ್ಟೆಯಾಗೆ ಒರೆಸಿ, ಒಣಗಿಸಿ, ಗದ್ದ, ಹಿಂದಲೆ ಕೆಂಪಾಗಿದ್ಯಾ ಅಂತ ನೋಡಿ ಮತ್ತೆ ಕಟ್ಟೋಳು. ಮುದ್ದೆ ನುಂಗೋದು ದೊಡ್ಡ ಪಾಡು, ಗದ್ದ ಬಗ್ಗಲ್ಲ. ಸಣ್ಣ ತುತ್ತು ಮಾಡಿ ಅವಳೇ ಕೊಟ್ಟಳು.

ರೈತನಿಗೆ ನೆಲ ನೋಡೋಕಾಗದಿದ್ರೆ ಏನು ಉಳೀತು ಹೇಳ್ರಿ? ಬದು ಕಾಣಲ್ಲ, ಕಾಲಡಿ ಹಾವಿದ್ರೂ ಕಾಣಲ್ಲ. ಅದಕ್ಕೇ ಕೋಲು ಹಿಡಿದೇ ಹೋಗ್ತಿದ್ದೆ, ಅದೂ ಜೊತೆಗೆ ಯಾರಾದ್ರೂ ಇದ್ರೆ. ಜೂನ್ ಮೊದಲ ವಾರ ಮಗ ಮೆಕ್ಕೆಜೋಳ ಬಿತ್ತಿದ. ಮೂರನೇ ವಾರಕ್ಕೆ ಸೈನಿಕ ಹುಳು ಬಂದೈತಾ ಅಂತ ಸುಳಿ ಬಗ್ಗಿ ನೋಡಬೇಕಲ್ಲ! ಫೋನ್ ಕೆಳಗೆ ಹಿಡಿದು ಸುಳಿ ಫೋಟೋ ತೆಗೆದು, ಕಣ್ಣೆದುರಿಗೆ ತಂದು ನೋಡ್ತಿದ್ದೆ. ಎಲೆ ಮೇಲೆ ಸಾಲು ತೂತು, ಸುಳಿಯಾಗೆ ಹಿಕ್ಕೆ ಚೆನ್ನಾಗೇ ಕಾಣ್ತು. ಸಂಜೆಗೆ ಮಗ ಔಷಧಿ ಹೊಡೆದ. ಈಗ ಬೆಳೆ ಪರವಾಗಿಲ್ಲ.

ಕಳೆದ ವಾರ ಎಕ್ಸ್‌ರೇ ನೋಡಿ ಕಾಲರ್ ಬಿಚ್ಚಿಸಿದ್ರು. ಬಿಚ್ಚಿದ ದಿನ ತಲೆ ಕುಂಬಳಕಾಯಿ ಹೊತ್ತಂಗೆ ಭಾರ. ಮೂರು ತಿಂಗಳು ಸುಮ್ಮನಿದ್ದ ಮಾಂಸಖಂಡ ಸೋತಿರ್ತಾವಂತೆ, ಹೇಳಿಕೊಟ್ಟ ವ್ಯಾಯಾಮ ನಿಧಾನಕ್ಕೆ ಮಾಡ್ತಿದೀನಿ. ಎಡಕ್ಕೆ ಇನ್ನೂ ಪೂರ್ತಿ ತಿರುಗಲ್ಲ. ಹಿಂದಿಂದ ಬರೋರು ಹೆಸರು ಹಿಡಿದು ಕೂಗ್ರಿ, ನಾನು ಪೂರಾ ತಿರುಗಿ ನಿಂತೇ ಮಾತಾಡಿಸ್ತೀನಿ.