ನಿಂತಲ್ಲೇ ಇಳಿಯುವ ಬ್ಯಾಟರಿ: ಹೊಸದು ಕೊಳ್ಳುವ ಮುಂಚೆ ಅಳೆದು ನೋಡಿ

ಮೂರು ದಿನ ನಿಂತ ಕಾರು ನಾಲ್ಕನೇ ದಿನ ಸ್ಟಾರ್ಟ್ ಆಗದಿದ್ದರೆ ನಮ್ಮ ಕಡೆ ಸಿಗುವ ಉತ್ತರ ಒಂದೇ: ‘ಬ್ಯಾಟ್ರಿ ಹೋಗೈತ್ರಿ, ಹೊಸಾದು ಹಾಕಸ್ರಿ.’ ಸಣ್ಣ ಕಾರಿನ ಬ್ಯಾಟರಿಗೂ ನಾಲ್ಕೈದು ಸಾವಿರ ರೂಪಾಯಿ ಬೇಕು. ಒಂದು ಸುದ್ದಿಗೆ ಇಷ್ಟು ಎಂದು ದುಡಿಯುವ ನಮ್ಮಂಥವರಿಗೆ ಅದು ತಿಂಗಳ ಲೆಕ್ಕವನ್ನೇ ತಪ್ಪಿಸುವ ಖರ್ಚು.

ನವನಗರದಲ್ಲಿ ನಾವು ಮೂವರು ಸುದ್ದಿಗಾರರು ಸೇರಿ ಒಂದು ಹಳೇ ಕಾರು ಇಟ್ಟುಕೊಂಡಿದ್ದೇವೆ. ಆಲಮಟ್ಟಿ ಹಿನ್ನೀರಿಗೆ ಮನೆ ಕಳೆದುಕೊಂಡ ಬಾಗಲಕೋಟೆಯವರಿಗಾಗಿ ಕಟ್ಟಿದ ಊರು ಇದು. ಕಚೇರಿಗಳೆಲ್ಲ ಇಲ್ಲೇ ಇರುವುದರಿಂದ ದಿನದ ಸುದ್ದಿಗೆ ಬೈಕು ಸಾಕು. ಕಾರು ಬೇಕಾಗುವುದು ಮಳೆಗೆ, ದೂರಕ್ಕೆ, ರಾತ್ರಿಗೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳಿಗೆ ನೀರು ನುಗ್ಗಿತ್ತು, ಹೊಳೆದಂಡೆಯ ಹಳ್ಳಿಗಳ ಜನ ಮನೆ ಬಿಟ್ಟಿದ್ದರು. ಅಂಥ ದಿನ ಕಾರು ಕೈಕೊಟ್ಟರೆ ಸುದ್ದಿಯೂ ಇಲ್ಲ, ಯಾರನ್ನಾದರೂ ಕರೆತರುವುದೂ ಇಲ್ಲ. ರಾತ್ರಿ ಓಣಿಯಲ್ಲಿ ಹೆರಿಗೆ ನೋವು ಬಂದರೂ ಮೊದಲು ಬಾಗಿಲು ಬಡಿಯುವುದು ಕಾರು ಇದ್ದವರ ಮನೆಯದನ್ನೇ.

ಹೀಗೆ ದಿನಗಟ್ಟಲೆ ನಿಲ್ಲುವ ನಮ್ಮ ಕಾರು, ನಿಂತಾಗಲೆಲ್ಲ ಬ್ಯಾಟರಿ ಇಳಿಸಿಕೊಂಡು ಕೂರತೊಡಗಿತು. ದಬ್ಬಿದರೆ ಸ್ಟಾರ್ಟ್ ಆಗುತ್ತಿತ್ತು. ಮಾರಿದವರಿಗೆ ಫೋನ್ ಹಚ್ಚಿದೆವು. ‘ಎರಡು ವರ್ಷದಾಗ ಎರಡು ಬ್ಯಾಟ್ರಿ ಹಾಕೇನ್ರಿ’ ಅಂದರು. ಅಲ್ಲಿಗೆ ನಮಗೆ ಸಂಶಯ ಬಂತು. ಎರಡೂ ಬ್ಯಾಟರಿ ಕೆಟ್ಟವೇ ಇರಲಿಕ್ಕಿಲ್ಲ. ಕಾರೇ ಏನನ್ನೋ ತಿನ್ನುತ್ತಿರಬೇಕು.

ಮೊದಲ ಪರೀಕ್ಷೆಗೆ ಹತ್ತು ನಂಬರ್ ಪಾನಾ ಒಂದಿದ್ದರೆ ಸಾಕು. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿಸಿ, ಮೈನಸ್ ತಂತಿ ಬಿಚ್ಚಿ, ಕಾರನ್ನು ಮೂರು ದಿನ ಬಿಡಿ. ಗಡಿಯಾರದ ಟೈಮ್ ಅಳಿಸಿ ಹೋಗಬಹುದು. ಆಮೇಲೆ ತಂತಿ ಹಚ್ಚಿದ ಕೂಡಲೇ ಸ್ಟಾರ್ಟ್ ಆದರೆ ಬ್ಯಾಟರಿ ಚಾರ್ಜ್ ಹಿಡಿದಿಡುತ್ತದೆ, ತಪ್ಪು ಕಾರಿನಲ್ಲಿದೆ. ತಂತಿ ಬಿಚ್ಚಿಟ್ಟರೂ ಇಳಿದರೆ ಬ್ಯಾಟರಿಯೇ ಹೋಗಿದೆ, ಆಗ ಹೊಸದು ಹಾಕಿ. ನಮ್ಮದು ಮೊದಲ ಹೊಡೆತಕ್ಕೇ ಸ್ಟಾರ್ಟ್ ಆಯಿತು.

ಮೀಟರ್ ಇದ್ದರೆ ಇನ್ನೂ ಖಚಿತ. ಕೆಲವು ನೂರು ರೂಪಾಯಿಗೆ ಸಾದಾ ಮಲ್ಟಿಮೀಟರ್ ಸಿಗುತ್ತದೆ. ಪೂರ್ತಿ ತುಂಬಿದ, ರಾತ್ರಿಯಿಡೀ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗೆ ಬಂದರೆ ಹೆಚ್ಚುಕಡಿಮೆ ಖಾಲಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರವರೆಗೆ ಇರಬೇಕು. ಇಲ್ಲದಿದ್ದರೆ ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆ ನೋಡಿ. ನಮ್ಮದರಲ್ಲಿ ಇವೆರಡೂ ಸರಿ ಇದ್ದವು.

ಇನ್ನು ಉಳಿದದ್ದು ತಿನ್ನುವವರನ್ನು ಹಿಡಿಯುವುದು. ಕಾರು ಬಂದ್ ಮಾಡಿ, ಕೀಲಿ ತೆಗೆದು, ಮೈನಸ್ ತಂತಿ ಬಿಚ್ಚಿದೆವು. ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಬಿಚ್ಚಿದ ತಂತಿಗೂ ಬ್ಯಾಟರಿಯ ಮೈನಸ್ ಕಂಬಕ್ಕೂ ನಡುವೆ ಮೀಟರ್ ಹಚ್ಚಿದೆವು. ಹೀಗೆ ಹಚ್ಚಿದಾಗ ಕಾರು ಸ್ಟಾರ್ಟ್ ಮಾಡಲೇಬಾರದು, ಲೈಟೂ ಹಾಕಬಾರದು, ಮೀಟರ್ ಸುಟ್ಟೀತು. ಪ್ಲಸ್ ಕಂಬಕ್ಕೆ ಜೋಡಿಸುವುದಂತೂ ಬೇಡವೇ ಬೇಡ, ಕಿಡಿ ಹಾರುತ್ತದೆ. ಬ್ಯಾಟರಿ ಹತ್ತಿರ ಬೀಡಿ, ಕಡ್ಡಿ ಗೀರುವುದೂ ಬೇಡ, ಅದರಿಂದ ಹೊರಡುವ ಅನಿಲಕ್ಕೆ ಬೆಂಕಿ ಹತ್ತುತ್ತದೆ.

ಬಾಗಿಲು ತೆಗೆದಿದ್ದರೆ ಒಳಗಿನ ಲೈಟ್ ಉರಿಯುತ್ತದೆ. ಅದಕ್ಕೆ ಬಾಗಿಲ ಚೌಕಟ್ಟಿನ ಬಟನ್ ಒತ್ತಿ ಟೇಪ್ ಸುತ್ತಿದೆವು. ಅರ್ಧ ಗಂಟೆ ಕಾದೆವು. ಕಾರಿನೊಳಗಿನ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ನಿದ್ದೆ ಹೋಗಲು ಅಷ್ಟು ಹೊತ್ತು ಬೇಕು. ಆಮೇಲೆ ಮೀಟರ್ 0.05 ಆಂಪಿಯರ್‌ಗಿಂತ ಕಡಿಮೆ ತೋರಿಸಿದರೆ ಚಿಂತೆಯಿಲ್ಲ. ನಮ್ಮದು ತೋರಿಸಿದ್ದು 0.41.

ಲೆಕ್ಕ ಹಾಕಿ ನೋಡಿ. ನಮ್ಮ ಬ್ಯಾಟರಿ 35 ಆಂಪಿಯರ್-ಅವರ್‌ನದು. ಗಂಟೆಗೆ 0.41ರಂತೆ ದಿನಕ್ಕೆ ಸುಮಾರು 10 ಹೋಗುತ್ತದೆ, ಮೂರು ದಿನಕ್ಕೆ 30. ನಾಲ್ಕನೇ ದಿನ ಸ್ಟಾರ್ಟರ್ ತಿರುಗಿಸಲು ಏನು ಉಳಿದೀತು?

ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು, ಮತ್ತೆ ಅದೇ ಜಾಗದಲ್ಲಿ ಹಾಕುತ್ತ ಹೋದೆವು. ಮ್ಯೂಸಿಕ್ ಸಿಸ್ಟಮ್ ಫ್ಯೂಸ್ ಕಿತ್ತ ಕೂಡಲೇ ಮೀಟರ್ 0.03ಕ್ಕೆ ಇಳಿಯಿತು. ಕಳ್ಳ ಸಿಕ್ಕ.

ವೈರಿಂಗ್ ಮಿಸ್ತ್ರಿ ಸೆಟ್ ಹೊರಗೆಳೆದು ತೋರಿಸಿದರು. ಇಂಥ ಸೆಟ್ಟಿಗೆ ಸಾಮಾನ್ಯವಾಗಿ ಹಳದಿ ವೈರು ಸದಾ ಕರೆಂಟ್ ಇರುವಲ್ಲಿಗೆ, ಕೆಂಪು ವೈರು ಕೀಲಿ ತಿರುಗಿಸಿದಾಗ ಮಾತ್ರ ಕರೆಂಟ್ ಬರುವಲ್ಲಿಗೆ ಹೋಗಬೇಕು. ಕೀಲಿ ಇಲ್ಲದೆಯೂ ಹಾಡು ಬರಲಿ ಎಂದು ಯಾರೋ ಎರಡನ್ನೂ ಕೂಡಿಸಿ ಸುತ್ತಿದ್ದರು. ಪರದೆ ಆರಿದ್ದರೂ ಸೆಟ್ ಒಳಗೊಳಗೇ ಎಚ್ಚರ ಇತ್ತು. ‘ಇಷ್ಟಕ್ಕ ಎರಡು ಬ್ಯಾಟ್ರಿ ಕೊಂದಾರ ನೋಡ್ರಿ ಸರ’ ಎಂದು ಮಿಸ್ತ್ರಿ ನಕ್ಕರು. ವೈರು ಬೇರೆ ಮಾಡಿದ್ದಕ್ಕೆ ಇನ್ನೂರು ರೂಪಾಯಿ ತೆಗೆದುಕೊಂಡರು.

ಅವರ ಮಾತು ನಿಜ. ಮತ್ತೆ ಮತ್ತೆ ಪೂರ್ತಿ ಖಾಲಿಯಾದ ಬ್ಯಾಟರಿಯ ಒಳಗಿನ ಸೀಸದ ಹಲಗೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ತಾಕತ್ತು ಬರುವುದಿಲ್ಲ. ನಮ್ಮ ಬೇಸಿಗೆಯ ಬಿಸಿಲೂ ಆಯುಷ್ಯ ಕಡಿಮೆ ಮಾಡುತ್ತದೆ. ಕಾರಣ ಹುಡುಕದೆ ಹೊಸದು ಹಾಕಿಸಿದರೆ ಅದಕ್ಕೂ ಇದೇ ಗತಿ.

ಟ್ರ್ಯಾಕ್ಟರ್ ಇದ್ದವರೂ ಇದನ್ನು ನೋಡಿಕೊಳ್ಳಿ. ಕಬ್ಬಿನ ಹಂಗಾಮಿಗೆಂದು ಹಚ್ಚಿಸಿದ ದೊಡ್ಡ ಸೌಂಡು, ಬಣ್ಣದ ಲೈಟು, ಜಿಪಿಎಸ್ ಡಬ್ಬಿ, ಎಲ್ಲವೂ ಹೀಗೆ ತಿನ್ನಬಲ್ಲವು. ಹಂಗಾಮು ಮುಗಿದು ವಾರಗಟ್ಟಲೆ ನಿಲ್ಲಿಸುವಾಗ ಮೈನಸ್ ತಂತಿ ಬಿಚ್ಚಿಡಿ. ಬಿಚ್ಚುವಾಗ ಮೈನಸ್ ಮೊದಲು, ಹಚ್ಚುವಾಗ ಮೈನಸ್ ಕಡೆಗೆ. ಎಂಜಿನ್ ತಾನೇ ಬಂದ್ ಆಗಿ ಚಾಲೂ ಆಗುವ ಹೊಸ ನಮೂನೆಯ ಕಾರಾದರೆ ಸ್ವಂತ ಕೈ ಹಾಕದೆ ತಿಳಿದವರಲ್ಲಿಗೆ ಒಯ್ಯಿರಿ.

ಅಂಗಡಿಯವರು ‘ಬ್ಯಾಟ್ರಿ ಹೋಗೈತಿ’ ಅಂದರೆ ಜಗಳ ಬೇಡ. ‘ಎಷ್ಟು ಆಂಪಿಯರ್ ತಿನ್ನಾಕತ್ತೈತಿ, ಮೀಟರ್ ಹಚ್ಚಿ ತೋರಸ್ರಿ’ ಅನ್ನಿ. ತೋರಿಸಿದ ಮೇಲೆ ಜೇಬಿಗೆ ಕೈ ಹಾಕಿ.